ಶ್ರುತಿಗೇ ಬಿದ್ದ ಚಪ್ಪಾಳೆ



ಈ ಉಪನ್ಯಾಸಕ್ಕೆ ದತ್ತಿ ಇಟ್ಟವರು ತಮ್ಮ ಹೆಸರು ಎಲ್ಲೂ ಬರಬಾರದು ಎಂದು ಕೇಳಿಕೊಂಡಿದ್ದರಂತೆ. ಹಾಗೆ ಕೇಳಿಕೊಂಡರು ಎಂಬ ದೊಡ್ಡ ಸಂಗತಿಯನ್ನು ಸ್ವಾಗತ ಭಾಷಣದವರು ಅವರ ಹೆಸರನ್ನು ಮೂರು ಸಲ ಹೇಳಿಯೇ ನಮಗೆ ತಿಳಿಸಿದರು. ಯಾರೂ ಬೇಸರ ಮಾಡಿಕೊಳ್ಳಬೇಕಿಲ್ಲ, ನಮ್ಮಲ್ಲಿ ಅದು ನಡೆದುಬಂದ ರೀತಿ. ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ ಸೇವಾರ್ಥ ಎಂದು ಕೆಂಪು ಬಣ್ಣದಲ್ಲಿ ಬರೆಸಿದ ಹೆಸರು ಎಷ್ಟು ಉದ್ದವಿರುತ್ತದೆಂದರೆ ಬೆಳಕಿಗೆ ಉಳಿಯುವುದು ಅರ್ಧ ಗೇಣು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಅನ್ನುತ್ತಾರೆ. ನಾನಿವತ್ತು ಮಾತಾಡಹೊರಟಿರುವುದು ಬಲಗೈಯಲ್ಲಿ ಮೈಕು ಹಿಡಿದು, ಎಡಗೈಯಿಂದ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡು ಮಾಡಿದ ದಾನದ ಬಗ್ಗೆ. ಅದಕ್ಕಿಂತ ಹೆಚ್ಚಾಗಿ, ಆ ದಾನವನ್ನು ಕೇಳಿಸಿಕೊಂಡು ನಕ್ಕವರ ಬಗ್ಗೆ.

ಈ ವಿಷಯ ನನ್ನ ತಲೆಗೆ ಹೊಕ್ಕಿದ್ದು ಪುಸ್ತಕದಿಂದಲ್ಲ. ಎಂಬತ್ತರ ದಶಕದ ನಡುವಿನ ಬರಗಾಲದ ವರ್ಷಗಳಲ್ಲಿ ನಾನು ಧಾರವಾಡದಲ್ಲಿ ಓದುತ್ತಿದ್ದೆ. ಹಾಸ್ಟೆಲಿನಲ್ಲಿ ಒಬ್ಬನ ಹತ್ತಿರ ಟೇಪ್‌ ರೆಕಾರ್ಡರ್ ಇತ್ತು, ಅದರೊಳಗೆ ‘ವಿ ಆರ್ ದಿ ವರ್ಲ್ಡ್’ ಕ್ಯಾಸೆಟ್ಟಿತ್ತು. ಅಮೆರಿಕದ ಹಾಡುಗಾರರೆಲ್ಲ ಒಬ್ಬೊಬ್ಬರು ಒಂದೊಂದು ಸಾಲು ಹಾಡಿ ಇಥಿಯೋಪಿಯಾಕ್ಕೆ ಅನ್ನ ಕಳಿಸಿದ್ದಾರೆ ಎಂದು ಕೇಳಿದ ಮೇಲೆ ನಾವು ಸುಮ್ಮನಿರಲು ಸಾಧ್ಯವೇ? ಬರಪೀಡಿತರ ಸಹಾಯಾರ್ಥ ಎಂದು ನಾವೂ ಒಂದು ಸಂಜೆ ಏರ್ಪಡಿಸಿದೆವು. ಹನ್ನೆರಡು ಜನ, ಹನ್ನೆರಡು ಸಾಲು. ಒಂದಕ್ಕಿಂತ ಹೆಚ್ಚು ಸಾಲು ಯಾರಿಗೂ ಬಾಯಿಗೆ ಬರುತ್ತಿರಲಿಲ್ಲವಾದ್ದರಿಂದ ಆ ವ್ಯವಸ್ಥೆ ನಮಗೆ ಹೇಳಿ ಮಾಡಿಸಿದಂತಿತ್ತು. ಹೆಡ್‌ಫೋನ್ ಇರಲಿಲ್ಲ, ಆದರೂ ಫೋಟೋದಲ್ಲಿ ಕಂಡಂತೆ ಎಲ್ಲರೂ ಒಂದು ಕೈಯನ್ನು ಕಿವಿಗೆ ಹಚ್ಚಿಕೊಂಡು ಕಣ್ಣು ಮುಚ್ಚಿ ನಿಂತೆವು. ಹಿಂದಿನ ಸಾಲಿನ ಯಾರೋ ಎಲ್ಲರಿಗೂ ಕಿವಿ ನೋವಾ ಎಂದು ಕೂಗಿದ. ಮೈಕ್‌ಸೆಟ್ಟಿನ ಬಾಡಿಗೆ, ಚಹಾ, ಜಮಖಾನೆ ತಂದ ಟಾಂಗಾ ಎಲ್ಲ ಕಳೆದು ಉಳಿದದ್ದು 41 ರೂಪಾಯಿ. ಆ 41 ರೂಪಾಯಿಯ ಬಗ್ಗೆ ಇನ್ನೂ ಸ್ವಲ್ಪ ಹೇಳುವುದಿದೆ, ಕೊನೆಗೆ ಹೇಳುತ್ತೇನೆ.

ಮೊದಲು 1971ಕ್ಕೆ ಹೋಗೋಣ. ಹಿಂದಿನ ವರ್ಷದ ನವೆಂಬರಿನಲ್ಲಿ ಭೋಲಾ ಚಂಡಮಾರುತ ಪೂರ್ವ ಬಂಗಾಳವನ್ನು ಗುಡಿಸಿ ಹಾಕಿತ್ತು. ಮೇಲೆ ಯುದ್ಧ. ನಿರಾಶ್ರಿತರು ಲಕ್ಷಗಟ್ಟಲೆ ಗಡಿ ದಾಟಿ ನಮ್ಮ ಕಡೆ ಬರುತ್ತಿದ್ದರು. ಬಂಗಾಳಿ ಮೂಲದ ಪಂಡಿತ್ ರವಿಶಂಕರ್ ತಮ್ಮ ಸ್ನೇಹಿತ ಜಾರ್ಜ್ ಹ್ಯಾರಿಸನ್ ಹತ್ತಿರ ಏನಾದರೂ ಮಾಡಬೇಕಲ್ಲ ಎಂದರು. ಬೀಟಲ್ಸ್ ಆಗಷ್ಟೇ ಒಡೆದಿತ್ತು, ಹ್ಯಾರಿಸನ್ ಹೆಸರಿಗೆ ಕಾವಿತ್ತು. ಜುಲೈ ಕೊನೆಗೆ ಅವರು ‘ಬಾಂಗ್ಲಾ ದೇಶ್’ ಎಂಬ ಹಾಡಿನ ರೆಕಾರ್ಡು ಹೊರತಂದರು. ಪಾಪ್ ಸಂಗೀತದ ಮೊದಲ ಸಹಾಯಾರ್ಥ ಹಾಡು ಎಂದು ಅನೇಕರು ಗುರುತಿಸುವುದು ಅದನ್ನೇ. ಆಗಸ್ಟ್ 1ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮಧ್ಯಾಹ್ನ ಒಂದು, ಸಂಜೆ ಒಂದು ಕಛೇರಿ ನಡೆಯಿತು.

ಆ ದಿನದ ಒಂದು ಗಳಿಗೆ ನಮ್ಮ ಸಂಗೀತದವರಿಗೆಲ್ಲ ಗೊತ್ತು. ಮೊದಲು ವೇದಿಕೆಗೆ ಬಂದವರು ನಮ್ಮವರು. ಸಿತಾರಿಗೆ ರವಿಶಂಕರ್, ಸರೋದಿಗೆ ಅಲಿ ಅಕ್ಬರ್ ಖಾನ್, ತಬಲಾಕ್ಕೆ ಅಲ್ಲಾ ರಖಾ, ತಂಬೂರಕ್ಕೆ ಕಮಲಾ ಚಕ್ರವರ್ತಿ. ಕೂತರು, ತಂತಿ ಬಿಗಿದರು, ಸಡಿಲಿಸಿದರು, ತಬಲಾದ ಅಂಚಿಗೆ ಸುತ್ತಿಗೆ ಕುಟ್ಟಿದರು. ನೀವಾದರೆ ಆ ಹೊತ್ತಿನಲ್ಲಿ ಪಕ್ಕದವರ ಮಗಳ ಮದುವೆ ವಿಚಾರಿಸುತ್ತೀರಿ. ಅಲ್ಲಿನ ಸಾವಿರಾರು ಜನ ಜೋರಾಗಿ ಚಪ್ಪಾಳೆ ತಟ್ಟಿಬಿಟ್ಟರು. ಶ್ರುತಿ ಮಾಡಿಕೊಂಡದ್ದೇ ಇಷ್ಟು ಹಿಡಿಸಿದ್ದರೆ ನುಡಿಸುವುದು ಇನ್ನೂ ಹಿಡಿಸೀತು ಎಂಬರ್ಥದಲ್ಲಿ ರವಿಶಂಕರ್ ನಯವಾಗಿ ಹೇಳಿ ಮುಂದುವರಿದರು.

ಇದನ್ನು ನಾವು ಯಾವಾಗಲೂ ಬಿಳಿಯರ ಅಜ್ಞಾನದ ಕಥೆಯಾಗಿ ಹೇಳಿ ನಗುತ್ತೇವೆ. ನನಗೆ ಹಾಗೆ ಅನ್ನಿಸುವುದಿಲ್ಲ. ಆ ಜನ ಒಳ್ಳೆಯ ಕೆಲಸಕ್ಕೆ ದುಡ್ಡು ಕೊಟ್ಟು ಬಂದಿದ್ದರು. ಕೊಟ್ಟ ಮೇಲೆ ಮನಸ್ಸು ತುಂಬಿರುತ್ತದೆ, ಏನು ಕೇಳಿದರೂ ಚೆನ್ನಾಗಿದೆ ಅನ್ನಿಸುತ್ತದೆ. ನಿಜವಾಗಿ ಏನು ಕೇಳುತ್ತಿದೆ ಎಂದು ಗಮನಿಸಲು ಆಗ ಪುರಸೊತ್ತಿರುವುದಿಲ್ಲ. ಸಹಾಯಾರ್ಥ ಹಾಡಿನ ರೋಗವೆಲ್ಲ ಆ ಒಂದು ಚಪ್ಪಾಳೆಯಲ್ಲಿತ್ತು ಎಂದು ನಾನು ತಿಳಿದಿದ್ದೇನೆ. ಎಲ್ಲರೂ ಹಾಡುತ್ತಾರೆ, ಎಲ್ಲರೂ ಮೆಚ್ಚುತ್ತಾರೆ, ಕೇಳಿಸಿಕೊಳ್ಳುವವರು ಕಡಿಮೆ.

ದುಡ್ಡಿನ ಕಥೆಯನ್ನೂ ಹೇಳಿಬಿಡುತ್ತೇನೆ. ಗೇಟಿನಲ್ಲಿ ಕೂಡಿದ 2,43,418 ಡಾಲರ್ ಯುನಿಸೆಫ್‌ಗೆ ಬೇಗ ತಲುಪಿತು. ಆದರೆ ರೆಕಾರ್ಡು ಮತ್ತು ಸಿನಿಮಾದಿಂದ ಬಂದ ದೊಡ್ಡ ಮೊತ್ತ ಅಮೆರಿಕದ ತೆರಿಗೆ ಇಲಾಖೆಯ ತಕರಾರಿನಲ್ಲಿ ವರ್ಷಗಟ್ಟಲೆ ಕೂತಿತು. ಕಾರ್ಯಕ್ರಮಕ್ಕೆ ಮೊದಲೇ ಧರ್ಮಾರ್ಥ ಎಂದು ಕಾಗದ ಪತ್ರ ಮಾಡಿಸಿರಲಿಲ್ಲ, ಅದೇ ಕಾರಣ. ಮೈಕ್‌ಸೆಟ್ಟಿನ ಬಾಡಿಗೆಯ ದೊಡ್ಡಣ್ಣ ಅನ್ನಿ.

ಮರುವರ್ಷವೇ, 1972ರಲ್ಲಿ, ಇದನ್ನು ಅಣಕಿಸಿದ ಒಂದು ರೆಕಾರ್ಡು ಬಂತು. ಅಮೆರಿಕದ ನ್ಯಾಷನಲ್ ಲ್ಯಾಂಪೂನ್ ಎಂಬ ಹಾಸ್ಯ ಪತ್ರಿಕೆಯವರು ತಂದ ಆ ತಟ್ಟೆಯ ಹೆಸರು ‘ರೇಡಿಯೋ ಡಿನ್ನರ್’. ರೇಡಿಯೊ ಕಾರ್ಯಕ್ರಮ, ಜಾಹೀರಾತು, ಹಾಡು, ಅಸಂಬದ್ಧ ಪ್ರಲಾಪಗಳನ್ನು ಕಲಸಿ ಮಾಡಿದ ಮಿಸಳ್ ಅದು. ಅದರಿಂದ ಬಂದ ಉಮೇದಿನಲ್ಲೇ 1973ರಲ್ಲಿ ಅವರು ನಿಜವಾದ ರೇಡಿಯೊ ಕಾರ್ಯಕ್ರಮವನ್ನೂ ಶುರುಮಾಡಿದರು. ‘ರೇಡಿಯೋ ಡಿನ್ನರ್’ನಲ್ಲಿ ‘ಕಾನ್ಸರ್ಟ್ ಇನ್ ಬಾಂಗ್ಲಾ ದೇಶ್’ ಎಂಬ ಒಂದು ತುಣುಕಿದೆ. ಟೋನಿ ಹೆಂಡ್ರಾ ಮತ್ತು ಕ್ರಿಸ್ಟಫರ್ ಗೆಸ್ಟ್ ಮಾಡಿದ್ದು. ನಿರಾಶ್ರಿತರ ಶಿಬಿರವೊಂದರಲ್ಲಿ ಇಬ್ಬರು ಬಂಗಾಳಿ ಹಾಸ್ಯಗಾರರು ಹಸಿದ ಜನರ ಮುಂದೆ ಜೋಕು ಹೇಳಿ ಸಹಾಯಾರ್ಥ ಪ್ರದರ್ಶನ ನಡೆಸುತ್ತಿದ್ದಾರೆ. ಯಾರ ಸಹಾಯಕ್ಕೆ? ಜಾರ್ಜ್ ಹ್ಯಾರಿಸನ್ನರ ಸಹಾಯಕ್ಕೆ. ಅವರು ಉಪವಾಸ ಕೂರಬೇಕೆಂದಿದ್ದಾರೆ, ಅದಕ್ಕೊಂದು ಬಟ್ಟಲು ಅಕ್ಕಿ ಕೂಡಿಸಬೇಕಾಗಿದೆ.

ಆ ಅಕ್ಕಿಯ ಬಟ್ಟಲನ್ನು ಸ್ವಲ್ಪ ಹತ್ತಿರ ಹಿಡಿದು ನೋಡಿ. ಉಪವಾಸ ಕೂರಲು ಅಕ್ಕಿ ಯಾಕೆ ಬೇಕು? ಇಲ್ಲದವನು ಹಸಿದರೆ ಅದು ಹಸಿವು, ಇದ್ದವನು ಹಸಿದರೆ ಅದು ಉಪವಾಸ. ಊಟ ಎದುರಿಗಿಟ್ಟುಕೊಂಡು ಬಿಟ್ಟರೆ ತಾನೇ ತ್ಯಾಗ? ಹಾಗಾಗಿ ತ್ಯಾಗಿಗೆ ಮೊದಲು ಬಟ್ಟಲು ತುಂಬಿಸಿಕೊಡಬೇಕು, ಅದನ್ನು ತುಂಬಿಸಬೇಕಾದವರು ಹಸಿದವರೇ. ಕೊಡುವವ, ತಗೊಳ್ಳುವವ ಇಬ್ಬರ ಕುರ್ಚಿಯನ್ನೂ ಅದಲು ಬದಲು ಮಾಡಿಬಿಟ್ಟಿತು ಈ ತುಣುಕು. ಮುಂದೆ ನಾಲ್ಕು ದಶಕ ಈ ಜಾತಿಯ ಒಳ್ಳೆಯ ಅಣಕಗಳೆಲ್ಲ ಇದೇ ಅದಲು ಬದಲನ್ನೇ ಮಾಡಿದವು.

ಆದರೆ ಒಂದು ಮಾತು ಹೇಳದಿದ್ದರೆ ನಾನು ಹೆಂಡ್ರಾ ಅವರ ವಕೀಲನಾದೇನು. ಇಬ್ಬರು ಬಿಳಿಯರು ನಮ್ಮ ಉಪಖಂಡದವರ ಇಂಗ್ಲಿಷನ್ನು ಹಾಸ್ಯದ ಬಂಡವಾಳ ಮಾಡಿಕೊಂಡಿದ್ದಾರೆ. ನಾನು ಕೇಳುವಾಗ ಮೊದಲು ನಕ್ಕೆ, ಆಮೇಲೆ ನಾನು ನಕ್ಕಿದ್ದು ಬಟ್ಟಲಿಗೋ ಉಚ್ಚಾರಕ್ಕೋ ಎಂದು ಯೋಚನೆಗೆ ಬಿದ್ದೆ. ಹ್ಯಾರಿಸನ್ ಕಡೆ ಎತ್ತಿದ ಕೋಲು ನಡುವೆ ನಿರಾಶ್ರಿತನ ತಲೆಗೂ ತಾಗಿದೆ. ಕಣ್ಣಿಗೆ ಏನೂ ಕಾಣದ ಶಬ್ದಮಾಧ್ಯಮದಲ್ಲಿ ಈ ಅಪಾಯ ಹೆಚ್ಚು. ಅಲ್ಲಿ ಮನುಷ್ಯ ಅಂದರೆ ಅವನ ದನಿ ಅಷ್ಟೇ, ದನಿಯನ್ನು ಅಣಕಿಸಿದರೆ ಅವನನ್ನೇ ಅಣಕಿಸಿದ ಹಾಗೆ.

ರೇಡಿಯೊ ಎಂದ ಮೇಲೆ ಒಂದು ಅಡ್ಡಮಾತು. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ತೆರೆದರು. ಅದಕ್ಕೆ ಆಕಾಶವಾಣಿ ಎಂಬ ಹೆಸರು ಸೂಚಿಸಿದವರು ನಾ. ಕಸ್ತೂರಿ ಎಂಬುದು ಮೈಸೂರಿನಲ್ಲಿ ನೆಲೆನಿಂತ ಮಾತು. ಹೌದು, ‘ಅನರ್ಥಕೋಶ’ದ ಕಸ್ತೂರಿಯವರೇ. ಪದಗಳ ಅರ್ಥವನ್ನು ಬುಡಮೇಲು ಮಾಡುವುದನ್ನೇ ಕಸುಬು ಮಾಡಿಕೊಂಡ ವಿನೋದಗಾರರು ರೇಡಿಯೊಗೆ ಅಷ್ಟು ಗಂಭೀರವಾದ ಹೆಸರು ಕೊಟ್ಟಿದ್ದು ನನಗೆ ಬಹಳ ಇಷ್ಟ. ಪುರಾಣದ ಆಕಾಶವಾಣಿಯ ಗುಣ ಏನು? ಅದು ಯಾರ ಬಗ್ಗೆ ನುಡಿಯುತ್ತದೋ ಅವನ ಕಿವಿಗೂ ಬೀಳುತ್ತದೆ. ತಂಗಿಯ ರಥ ಹೊಡೆಯುತ್ತಿದ್ದ ಕಂಸ ತನ್ನ ಸಾವಿನ ಸುದ್ದಿಯನ್ನು ತಾನೇ ಕೇಳಿಸಿಕೊಂಡ. ಪತ್ರಿಕೆಯನ್ನು ಬೇಕಾದವರಿಗೆ ಮಾತ್ರ ಮಾರಬಹುದು, ನಾಟಕಕ್ಕೆ ಟಿಕೆಟ್ ಇದ್ದವರನ್ನಷ್ಟೇ ಬಿಡಬಹುದು. ರೇಡಿಯೊದವನು ಬಾಯಿ ತೆರೆದ ಮೇಲೆ ಯಾರು ಕೇಳುತ್ತಿದ್ದಾರೆ ಎಂಬುದು ಅವನ ಕೈಯಲ್ಲಿಲ್ಲ.

ಸಹಾಯಾರ್ಥ ಹಾಡು ಬರೆದವರು ಈ ಸಣ್ಣ ಸಂಗತಿಯನ್ನೇ ಮರೆತರು. 1984ರ ಅಕ್ಟೋಬರ್ 23ರಂದು ಬಿಬಿಸಿ ಟಿವಿಯಲ್ಲಿ ಇಥಿಯೋಪಿಯಾದ ಕೊರೆಮ್ ಎಂಬಲ್ಲಿಂದ ಮೈಕೆಲ್ ಬರ್ಕ್ ಅವರ ವರದಿ ಬಂತು. ಕ್ಯಾಮೆರಾ ಹಿಡಿದವರು ನೈರೋಬಿಯಲ್ಲಿ ಹುಟ್ಟಿದ, ಪಂಜಾಬಿ ಮೂಲದ ಮೊಹಮ್ಮದ್ ಅಮೀನ್. ಅದನ್ನು ನೋಡಿದ ಐರಿಷ್ ಗಾಯಕ ಬಾಬ್ ಗೆಲ್ಡಾಫ್, ಸ್ನೇಹಿತ ಮಿಜ್ ಯೂರ್ ಜೊತೆ ಸೇರಿ ‘ಬ್ಯಾಂಡ್ ಏಡ್’ ಎಂಬ ತಾರೆಗಳ ಮೇಳಕ್ಕೆ ಹಾಡು ಕಟ್ಟಿದರು. ನವೆಂಬರ್ 25, ಭಾನುವಾರ, ಲಂಡನ್ನಿನ ಸಾರ್ಮ್ ವೆಸ್ಟ್ ಸ್ಟುಡಿಯೊವನ್ನು ಅದರ ಒಡೆಯರು ಒಂದು ದಿನಕ್ಕೆ ಬಿಟ್ಟಿ ಬಿಟ್ಟುಕೊಟ್ಟರು. ಬಾಯ್ ಜಾರ್ಜ್ ನ್ಯೂಯಾರ್ಕಿನಲ್ಲಿ ಮಲಗಿದ್ದರು. ಫೋನು ಮಾಡಿ ಎಬ್ಬಿಸಿ ಕಾಂಕಾರ್ಡ್ ವಿಮಾನ ಹತ್ತಿಸಿದರು. ಡಿಸೆಂಬರ್ ಮೊದಲ ವಾರ ರೆಕಾರ್ಡು ಅಂಗಡಿಯಲ್ಲಿತ್ತು. ಬ್ರಿಟನ್ನಿನಲ್ಲೇ 30 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು, 1997ರವರೆಗೆ ಆ ದಾಖಲೆಯನ್ನು ಯಾರೂ ಮುರಿಯಲಿಲ್ಲ. ಮಾರಾಟ ತೆರಿಗೆ ಬಿಡುವುದಿಲ್ಲ ಎಂದು ಥ್ಯಾಚರ್ ಸರ್ಕಾರ ಪಟ್ಟುಹಿಡಿದು, ಛೀಮಾರಿ ಹಾಕಿಸಿಕೊಂಡು, ಆಮೇಲೆ ಅಷ್ಟೇ ಹಣವನ್ನು ದೇಣಿಗೆಯಾಗಿ ಕೊಟ್ಟಿತು.

ಇದೆಲ್ಲ ಸಣ್ಣ ಸಾಧನೆಯಲ್ಲ. ಆ ದುಡ್ಡಿನಿಂದ ಧಾನ್ಯ ಹೋಯಿತು, ಲಾರಿ ಹೋಯಿತು, ಜೀವ ಉಳಿಯಿತು. ಅಣಕ ಮಾಡುವವರ ಪರವಾಗಿ ಮಾತಾಡುವ ನನ್ನಂಥವನು ಇದನ್ನು ಮೊದಲು ಒಪ್ಪಿಕೊಳ್ಳಬೇಕು, ಯಾಕೆಂದರೆ ನಗೆಗಾರ ಯಾವ ಹೊಟ್ಟೆಯನ್ನೂ ತುಂಬಿಸಿದವನಲ್ಲ.

ಆದರೆ ಹಾಡಿನ ಹೆಸರು ನೋಡಿ. ‘ಡೂ ದೇ ನೋ ಇಟ್ಸ್ ಕ್ರಿಸ್ಮಸ್?’ ಇದು ಕ್ರಿಸ್ಮಸ್ ಕಾಲ ಎಂದು ಅವರಿಗೆ ಗೊತ್ತಿದೆಯೇ ಎಂಬ ಪ್ರಶ್ನೆ. ಯಾರಿಗೆ? ಇಥಿಯೋಪಿಯಾದವರಿಗೆ. ಅಲ್ಲಿನ ಅಕ್ಸುಮ್ ರಾಜ್ಯ ಕ್ರೈಸ್ತವಾದದ್ದು ನಾಲ್ಕನೆಯ ಶತಮಾನದಲ್ಲಿ, ಲಂಡನ್ನಿನ ಸುತ್ತಮುತ್ತಲ ಆಂಗ್ಲೋ ಸ್ಯಾಕ್ಸನ್ನರು ಶಿಲುಬೆಯ ಕಡೆ ತಿರುಗುವುದಕ್ಕೆ ಬಹಳ ಮುಂಚೆ. ಅವರಿಗೆ ಕ್ರಿಸ್ಮಸ್ ಗೊತ್ತು. ಗೆನ್ನಾ ಅನ್ನುತ್ತಾರೆ, ಅವರ ಪಂಚಾಂಗದ ಪ್ರಕಾರ ಜನವರಿ 7ಕ್ಕೆ ಬರುತ್ತದೆ. ಪಾಂಡವಪುರದಲ್ಲಿ ನಿಂತು, ಇವರಿಗೆ ಕಬ್ಬು ಅಂದರೆ ಏನು ಅಂತ ಗೊತ್ತಾ ಎಂದು ಕೇಳಿದ ಹಾಗಾಯಿತು. ನದಿ ಹರಿಯದ ನಾಡು ಎಂದೂ ಆ ಹಾಡು ಹೇಳುತ್ತದೆ, ನೀಲ ನೈಲ್ ಹುಟ್ಟುವುದೇ ಇಥಿಯೋಪಿಯಾದ ತಾನಾ ಸರೋವರದಲ್ಲಿ. ಮಳೆ ಕೈಕೊಟ್ಟಿದ್ದು ನಿಜ. ಅದರ ಮೇಲೆ ಮೆಂಗಿಸ್ಟು ಸರ್ಕಾರ ಟಿಗ್ರೆ ಮತ್ತು ಎರಿಟ್ರಿಯಾಗಳ ಬಂಡಾಯದ ವಿರುದ್ಧ ನಡೆಸಿದ ಯುದ್ಧ, ಊರೂರು ಕಿತ್ತು ಜನರನ್ನು ದಕ್ಷಿಣಕ್ಕೆ ಸಾಗಿಸಿದ ಬಲಾತ್ಕಾರ, ಇವೆಲ್ಲ ಸೇರಿ ಕ್ಷಾಮವಾಯಿತು. ಹಾಡಿನಲ್ಲಿ ಯುದ್ಧವಿಲ್ಲ, ಬರೀ ಒಣನೆಲವಿದೆ. ಬರೆದವರು ದಡ್ಡರಾಗಿದ್ದರೆಂದಲ್ಲ. ಯಾರ ಬಗ್ಗೆ ಹಾಡುತ್ತಿದ್ದೇವೋ ಅವರು ಇದನ್ನು ಕೇಳುವುದಿಲ್ಲ ಎಂದುಕೊಂಡು ಬರೆದರು. ಕೇಳಬಹುದು ಎಂದು ಒಂದು ಕ್ಷಣ ಅನ್ನಿಸಿದ್ದರೂ ಆ ಪ್ರಶ್ನಾರ್ಥಕ ಚಿಹ್ನೆ ಬೀಳುತ್ತಿರಲಿಲ್ಲ.

ಇನ್ನು ‘ವಿ ಆರ್ ದಿ ವರ್ಲ್ಡ್’ ಹಾಡಿದ ಅಮೆರಿಕದವರ ರಾತ್ರಿ. ಹ್ಯಾರಿ ಬೆಲಫಾಂಟೆ ಅವರ ಆಲೋಚನೆ, ಲಯನಲ್ ರಿಚೀ ಮತ್ತು ಮೈಕೆಲ್ ಜಾಕ್ಸನ್ ಅವರ ರಚನೆ, ಕ್ವಿನ್ಸಿ ಜೋನ್ಸ್ ಅವರ ಮೇಲುಸ್ತುವಾರಿ. 1985ರ ಜನವರಿ 28ರಂದು ಲಾಸ್ ಏಂಜಲೀಸ್‌ನಲ್ಲಿ ಒಂದು ಪ್ರಶಸ್ತಿ ಸಮಾರಂಭವಿತ್ತು. ಹೇಗೂ ಎಲ್ಲರೂ ಊರಿಗೆ ಬಂದಿರುತ್ತಾರೆ, ಅದು ಮುಗಿಸಿಕೊಂಡು ನೇರ ಎ ಅಂಡ್ ಎಂ ಸ್ಟುಡಿಯೊಗೆ ಬರಲಿ ಎಂಬ ಲೆಕ್ಕ. ಅಹಂಕಾರವನ್ನು ಬಾಗಿಲಲ್ಲೇ ಬಿಟ್ಟು ಬನ್ನಿ ಎಂಬರ್ಥದ ಫಲಕ ತೂಗುಹಾಕಿದ್ದರು. ನಮ್ಮಲ್ಲಿ ಚಪ್ಪಲಿಗೆ ಹಾಕುವ ಫಲಕದ ಹಾಗೆ. ಯಾರು ಎಲ್ಲಿ ನಿಲ್ಲಬೇಕೆಂದು ನೆಲದ ಮೇಲೆ ಟೇಪು ಅಂಟಿಸಿ ಹೆಸರು ಬರೆದಿದ್ದರು. ಅದಿಲ್ಲದಿದ್ದರೆ ಮದುವೆ ಫೋಟೋದಲ್ಲಿ ಬೀಗರ ಗುಂಪು ನಿಲ್ಲಿಸುವ ಪಾಡು. ಸಿಂಡಿ ಲಾಪರ್ ಕೊರಳಿನ ಸರಗಳು ಮೈಕಿನಲ್ಲಿ ಝಣಝಣ ಅಂದದ್ದಕ್ಕೆ ರೆಕಾರ್ಡಿಂಗ್ ನಿಲ್ಲಿಸಿ ಅವನ್ನೆಲ್ಲ ಬಿಚ್ಚಿಸಿದರು. ನಡುವೆ ಸ್ಟೀವಿ ವಂಡರ್ ಹಾಡಿಗೆ ಒಂದಿಷ್ಟು ಸ್ವಾಹಿಲಿ ಸೇರಿಸೋಣ ಅಂದರು. ಅದರ ಚರ್ಚೆ ನಡೆಯುತ್ತಿರುವಾಗ ಕಂಟ್ರಿ ಸಂಗೀತದ ವೇಲನ್ ಜೆನಿಂಗ್ಸ್ ಎದ್ದು ಹೊರಟೇಬಿಟ್ಟರು. ಇಥಿಯೋಪಿಯಾದಲ್ಲಿ ಸ್ವಾಹಿಲಿ ಆಡುವುದಿಲ್ಲ ಎಂಬುದು ಆಮೇಲೆ ಹೊಳೆಯಿತು. ಅಣಕಗಾರನಿಗೆ ಇಲ್ಲಿ ಕೆಲಸವೆಲ್ಲಿದೆ ಹೇಳಿ.

ಆ ರಾತ್ರಿಯ ಒಂದು ಘಟನೆಯನ್ನು ನಾನು ಎಷ್ಟು ಸಲ ನೆನೆದರೂ ಸಾಕಾಗುವುದಿಲ್ಲ. ಬೆಳಗಿನ ಜಾವ ಬಾಬ್ ಡಿಲನ್ ತಮ್ಮ ಸಾಲು ಹಾಡಬೇಕು. ಸುತ್ತ ಇಷ್ಟು ದೊಡ್ಡ ದನಿಗಳ ನಡುವೆ ಆ ಮನುಷ್ಯನಿಗೆ ದನಿಯೇ ಹೊರಡದು. ಗೊಣಗುತ್ತಾರೆ, ನಿಲ್ಲಿಸುತ್ತಾರೆ. ಆಗ ಅದೇ ಸ್ಟೀವಿ ವಂಡರ್ ಪಿಯಾನೋ ಮುಂದೆ ಕೂತು ಆ ಸಾಲನ್ನು ಡಿಲನ್ ದನಿಯಲ್ಲೇ ಹಾಡಿ ತೋರಿಸಿದರು. ಮೂಗಿನಲ್ಲೊಂದಿಷ್ಟು, ಗಂಟಲಲ್ಲೊಂದಿಷ್ಟು, ಕೊನೆಗೆ ಎಳೆತ. ಸ್ಟುಡಿಯೊದಲ್ಲಿದ್ದ ಬಹಳಷ್ಟು ಜನರನ್ನು ಆಚೆ ಕಳಿಸಿದರು. ಡಿಲನ್ ಅದನ್ನು ಕೇಳಿಸಿಕೊಂಡು ಡಿಲನ್ ಹಾಗೆ ಹಾಡಿದರು. ಮಿಮಿಕ್ರಿ ಎಂದು ನಾವು ವೇದಿಕೆಯ ಅಂಚಿಗೆ ತಳ್ಳುವ ವಿದ್ಯೆ ಅಸಲಿಗೇ ಪಾಠ ಹೇಳಿತು. ಒಬ್ಬೊಬ್ಬರಿಗೆ ಒಂದೊಂದು ಸಾಲು ಹಂಚುವ ಹಾಡಿನಲ್ಲಿ ಪ್ರತಿಯೊಬ್ಬನೂ ತನ್ನನ್ನೇ ಅಣಕಿಸಿಕೊಳ್ಳಬೇಕು. ಇರುವುದು ಐದಾರು ಸೆಕೆಂಡು, ಅಷ್ಟರಲ್ಲಿ ರೇಡಿಯೊ ಕೇಳುವವನಿಗೆ ಓಹೋ ಇವನು ಅವನು ಎಂದು ಗುರುತು ಹತ್ತಬೇಕು. ಅದಕ್ಕೇ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಮಾಮೂಲಿಗಿಂತ ಒರಟಾಗಿ, ಲಾಪರ್ ಮಾಮೂಲಿಗಿಂತ ಕಿರುಚಿ ಹಾಡುತ್ತಾರೆ. ನಮ್ಮ ಹಾಸ್ಟೆಲಿನಲ್ಲಿ ಆ ಕ್ಯಾಸೆಟ್ಟಿನ ಉಪಯೋಗವೇ ಅದಾಗಿತ್ತು, ದನಿ ಗುರುತಿಸಿದವನಿಗೆ ಒಂದು ಸಿಂಗಲ್ ಚಹಾ. ಹಸಿವಿನ ನೆನಪು ಆ ಆಟದಲ್ಲಿ ಯಾರಿಗೂ ಬಂದದ್ದಿಲ್ಲ. 1985ರ ಏಪ್ರಿಲ್ 5, ಗುಡ್ ಫ್ರೈಡೆಯಂದು, ಪ್ರಪಂಚದ ಸಾವಿರಾರು ರೇಡಿಯೊ ಕೇಂದ್ರಗಳು ಒಂದೇ ಹೊತ್ತಿಗೆ ಆ ಹಾಡನ್ನು ಬಿತ್ತರಿಸಿದವು.

ಹೀಗೆ ಅರ್ಧ ಅಣಕವೇ ಆಗಿರುವುದನ್ನು ಮತ್ತೆ ಅಣಕಿಸುವುದು ಹೇಗೆ? ದನಿಯನ್ನಷ್ಟೇ ಹಿಡಿದರೆ ಮಿಮಿಕ್ರಿಗೆ ಮುಗಿಯಿತು. 1980ರಲ್ಲಿ ಬ್ರಿಟನ್ನಿನ ಒಂದು ತಂಡ ಅದನ್ನು ಬಲು ಚೆನ್ನಾಗಿ ಮಾಡಿತ್ತು. ಬಿಬಿಸಿ ರೇಡಿಯೊ 4ರಲ್ಲಿ ‘ರೇಡಿಯೋ ಆಕ್ಟಿವ್’ ಎಂಬ ಹುಸಿ ರೇಡಿಯೊ ಕೇಂದ್ರ ನಡೆಸುತ್ತಿದ್ದ ಹುಡುಗರು ಬೀ ಜೀಸ್ ತಂಡವನ್ನು ಅಣಕಿಸಿ, ಬಹಳ ಎತ್ತರದ ದನಿಯಲ್ಲಿ ಅರ್ಥವಿಲ್ಲದ ಹಾಡುಗಳು ಎಂಬರ್ಥದ ಹಾಡೊಂದನ್ನು ಹೊರತಂದರು. ಹೆಸರೇ ವಿಮರ್ಶೆ. ಅದನ್ನು ಫಿಲಿಪ್ ಪೋಪ್ ಜೊತೆ ಬರೆದ ರಿಚರ್ಡ್ ಕರ್ಟಿಸ್ ಮುಂದೇನಾದರು ಗೊತ್ತೆ? ಲೆನ್ನಿ ಹೆನ್ರಿ ಜೊತೆ ಸೇರಿ ‘ಕಾಮಿಕ್ ರಿಲೀಫ್’ ಕಟ್ಟಿದರು. ಹಾಸ್ಯಗಾರರೆಲ್ಲ ಸೇರಿ ಬಡವರಿಗಾಗಿ ಹಣ ಕೂಡಿಸುವ ಸಂಸ್ಥೆ. ಅದರ ಆರಂಭವನ್ನು 1985ರ ಕ್ರಿಸ್ಮಸ್ ದಿನ ಸುಡಾನಿನ ನಿರಾಶ್ರಿತರ ಶಿಬಿರದಿಂದ ನೇರವಾಗಿ ಬಿಬಿಸಿಯಲ್ಲಿ ತೋರಿಸಿದರು. ಅಣಕದವರೇ ದಾನದ ವೇದಿಕೆ ಹತ್ತಿದರು. ಪೊಲೀಸರನ್ನು ಬೈಯುತ್ತಿದ್ದವನಿಗೇ ಠಾಣೆ ವಹಿಸಿದಂತೆ. ಮರುವರ್ಷ ಕ್ಲಿಫ್ ರಿಚರ್ಡ್ ತಮ್ಮದೇ ಹಳೆಯ ಹಾಡನ್ನು ‘ಯಂಗ್ ಒನ್ಸ್’ ಹಾಸ್ಯತಂಡದ ಗದ್ದಲದ ನಡುವೆ ಹಾಡಿ ಕಾಮಿಕ್ ರಿಲೀಫ್‌ಗೆ ಹಣ ತಂದುಕೊಟ್ಟರು, ಅದು ಬ್ರಿಟನ್ನಿನ ಹಾಡುಗಳ ಮಾರಾಟಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.

ಗುರಿಯಿಟ್ಟು ಹೊಡೆದವರು ಅಮೆರಿಕದ ‘ಸಿಂಪ್ಸನ್ಸ್’ ಕಾರ್ಟೂನಿನವರು. 1992ರ ಜನವರಿಯಲ್ಲಿ ಬಂದ ಆ ಕಂತಿನ ಹೆಸರೇ ‘ರೇಡಿಯೋ ಬಾರ್ಟ್’. ತರಲೆ ಹುಡುಗ ಬಾರ್ಟ್‌ಗೆ ಹುಟ್ಟುಹಬ್ಬಕ್ಕೆ ಆಟಿಕೆ ಮೈಕು ಸಿಗುತ್ತದೆ. ಅದರಲ್ಲಿ ಮಾತಾಡಿದರೆ ಹತ್ತಿರದ ರೇಡಿಯೊದಲ್ಲಿ ಕೇಳುತ್ತದೆ. ಒಂದು ಪುಟ್ಟ ರೇಡಿಯೊವನ್ನು ಬಾವಿಗೆ ಇಳಿಬಿಟ್ಟು, ಟಿಮ್ಮಿ ಎಂಬ ಅನಾಥ ಹುಡುಗ ಬಿದ್ದಿದ್ದೇನೆ ಎಂದು ದನಿ ಬದಲಿಸಿ ಅಳುತ್ತಾನೆ. ಊರು ಸೇರುತ್ತದೆ, ಟಿವಿ ಸೇರುತ್ತದೆ, ಚುರುಮುರಿ ಅಂಗಡಿ ಸೇರುತ್ತದೆ. ತಾರೆಗಳು ಸ್ಟುಡಿಯೊದಲ್ಲಿ ಕಲೆತು ನಮ್ಮ ಪ್ರೀತಿಯನ್ನು ಬಾವಿಗೆ ಇಳಿಬಿಡುತ್ತೇವೆ ಎಂದು ಹಾಡುತ್ತಾರೆ. ಗಾಯಕ ಸ್ಟಿಂಗ್ ತಾವೇ ತಮ್ಮ ಪಾತ್ರಕ್ಕೆ ದನಿ ಕೊಟ್ಟಿದ್ದಾರೆ, ಅವರು ಬ್ಯಾಂಡ್ ಏಡ್‌ನಲ್ಲೂ ಹಾಡಿದ್ದವರು. ಬಂದ ದುಡ್ಡು ಏನಾಗುತ್ತದೆ ಎಂದು ಕೇಳಿದರೆ, ಕಾರು, ಪ್ರಚಾರ ಇತ್ಯಾದಿ ಖರ್ಚು ಕಳೆದು ಉಳಿದದ್ದನ್ನು ಬಾವಿಗೆ ಎಸೆಯುತ್ತೇವೆ ಎಂಬಂಥ ಉತ್ತರ ಬರುತ್ತದೆ. ನಮ್ಮಲ್ಲಿ ಕೊಳವೆಬಾವಿಗೆ ಮಗು ಬಿದ್ದ ದಿನಗಳಲ್ಲಿ ಟಿವಿ ಚಾನೆಲ್ಲುಗಳ ಮುಂದೆ ಕೂತವರಿಗೆ ಇದನ್ನು ವಿವರಿಸಬೇಕಿಲ್ಲ. ಕಥೆಯ ತಿರುವು ಇನ್ನೂ ಕ್ರೂರ. ರೇಡಿಯೊ ತೆಗೆಯಲು ಹೋಗಿ ಬಾರ್ಟ್ ನಿಜವಾಗಿ ಬಾವಿಗೆ ಬೀಳುತ್ತಾನೆ, ಟಿಮ್ಮಿ ಎಂಬವನು ಇರಲೇ ಇಲ್ಲ ಎಂದು ಗೊತ್ತಾದ ಜನ ಮುನಿಸಿಕೊಂಡು ಮನೆಗೆ ಹೋಗುತ್ತಾರೆ. ಇಲ್ಲದ ಹುಡುಗನಿಗೆ ಹಾಡಿತ್ತು, ಇರುವ ಹುಡುಗನಿಗೆ ಹಗ್ಗವೂ ಇಲ್ಲ.

ನನ್ನ ಮೆಚ್ಚಿನದು 2012ರದು. ನಾರ್ವೆಯ ವಿದ್ಯಾರ್ಥಿಗಳ ಮತ್ತು ಅಧ್ಯಾಪಕರ ನೆರವು ಸಂಸ್ಥೆ ಎಸ್‌ಎಐಎಚ್, ದಕ್ಷಿಣ ಆಫ್ರಿಕಾದ ಯುವಕ ಯುವತಿಯರ ಜೊತೆ ಸೇರಿ ಒಂದು ಹಾಡಿನ ವಿಡಿಯೊ ಮಾಡಿತು. ‘ಆಫ್ರಿಕಾ ಫಾರ್ ನಾರ್ವೆ’, ಅಭಿಯಾನದ ಹೆಸರು ‘ರೇಡಿ ಏಡ್’. ಏಡ್ ಅಂದರೆ ನೆರವು. ರೇಡಿ ಎನ್ನುವುದು ರೇಡಿಯೊ ಅಲ್ಲ, ರೇಡಿಯೇಟರ್, ಮನೆ ಬಿಸಿ ಮಾಡುವ ಯಂತ್ರ. ನಾರ್ವೆಯಲ್ಲಿ ಪಾಪ ಬಹಳ ಚಳಿಯಂತೆ, ಜನ ಹಿಮದಲ್ಲಿ ಜಾರಿ ಬೀಳುತ್ತಾರಂತೆ, ಬನ್ನಿ ಆಫ್ರಿಕನ್ನರೆಲ್ಲ ನಮ್ಮ ನಮ್ಮ ರೇಡಿಯೇಟರ್ ದಾನ ಮಾಡೋಣ ಎಂಬುದು ಹಾಡಿನ ಸಾರ. ಸ್ಟುಡಿಯೊ, ಕಿವಿಗೆ ಹೆಡ್‌ಫೋನು, ಕಣ್ಣು ಮುಚ್ಚಿದ ಕನಿಕರ, ಕೊನೆಗೆ ಮೇಳ, ಒಂದೂ ಬಿಟ್ಟಿಲ್ಲ. ಅದರಲ್ಲಿ ಹಸಿದವನನ್ನು ನೋಡಿ ಯಾರೂ ನಗುವುದಿಲ್ಲ, ಅವನ ಉಚ್ಚಾರವನ್ನೂ ಯಾರೂ ಅಣಕಿಸುವುದಿಲ್ಲ. ಹೆಂಡ್ರಾ ಅವರ ಕೋಲು ತಪ್ಪಿ ತಾಗಿದ ಕಡೆ ಇವರದು ತಾಗಲಿಲ್ಲ, ಕೋಲು ಹಿಡಿದವರು ಬೇರೆ, ಅದಕ್ಕೆ. ನಾರ್ವೆಯ ಬಗ್ಗೆ ಆಫ್ರಿಕಾದವರಿಗೆ ತಿಳಿದಿರುವುದು ಇದೊಂದೇ ವಿಡಿಯೊ ಆಗಿದ್ದರೆ ಹೇಗಿರುತ್ತಿತ್ತು, ಊಹಿಸಿಕೊಳ್ಳಿ ಎಂದು ಕೇಳಿದರು. ಕೀನ್ಯಾದ ಬಿನ್ಯಾವಂಗ ವೈನೈನ ‘ಗ್ರ್ಯಾಂಟಾ’ ಪತ್ರಿಕೆಯಲ್ಲಿ ಆಫ್ರಿಕಾದ ಬಗ್ಗೆ ಬರೆಯುವುದು ಹೇಗೆ ಎಂದು ಮುಖ ಗಂಟಿಕ್ಕಿಕೊಂಡು ಸಲಹೆ ಕೊಟ್ಟ ಲೇಖನದ ತಮ್ಮ ಅಂತ ಇದನ್ನು ಕರೆಯಬಹುದು.

ಅಲ್ಲಿಗೇ ಬಿಡಲಿಲ್ಲ ಅವರು. 2013ರಿಂದ ಪ್ರತಿವರ್ಷ ಒಳ್ಳೆಯ ನೆರವಿನ ಜಾಹೀರಾತಿಗೆ ಚಿನ್ನದ ರೇಡಿಯೇಟರ್, ಕೆಟ್ಟದ್ದಕ್ಕೆ ತುಕ್ಕು ಹಿಡಿದ ರೇಡಿಯೇಟರ್ ಎಂಬ ಪ್ರಶಸ್ತಿ ಕೊಡತೊಡಗಿದರು. 2017ರಲ್ಲಿ ತುಕ್ಕಿನ ಪ್ರಶಸ್ತಿ ಬಂದದ್ದು ಗಾಯಕ ಎಡ್ ಶೀರನ್ ಲೈಬೀರಿಯಾಕ್ಕೆ ಹೋಗಿ ಮಾಡಿದ ಒಂದು ಚಿತ್ರಕ್ಕೆ. ಮಾಡಿಸಿದವರು ಯಾರೆಂದಿರಿ, ಕಾಮಿಕ್ ರಿಲೀಫ್. ಅಣಕದಿಂದ ಹೊರಟು ದಾನಕ್ಕೆ ಹೋದ ಕರ್ಟಿಸ್ ಅವರ ಸಂಸ್ಥೆಯ ಬೆನ್ನಿಗೆ ಅಣಕವೇ ಬಂದು ತಟ್ಟಿತು. 2020ರಲ್ಲಿ ಆ ಸಂಸ್ಥೆ ಇನ್ನು ಮುಂದೆ ತಾರೆಗಳನ್ನು ಆಫ್ರಿಕಾಕ್ಕೆ ಕಳಿಸುವುದಿಲ್ಲ ಎಂದು ಸಾರಿತು. ಅದಕ್ಕೂ ಮೊದಲೇ, 2014ರಲ್ಲಿ, ಎಬೋಲಾ ನೆರವಿಗೆಂದು ಬ್ಯಾಂಡ್ ಏಡ್ ಹಾಡನ್ನು ಮತ್ತೆ ಹಾಡಿಸಿದಾಗ ಘಾನಾ ಮೂಲದ ಬ್ರಿಟಿಷ್ ಗಾಯಕ ಫ್ಯೂಸ್ ಒಡಿಜಿ ಕರೆದರೂ ಹೋಗಲಿಲ್ಲ. ಆಫ್ರಿಕಾ ಅಂದರೆ ಹಸಿವು, ರೋಗ ಎಂಬ ಚಿತ್ರ ಅಂದಿನ ಮಟ್ಟಿಗೆ ಹಣ ತಂದರೂ ಆಮೇಲೆ ಬಹಳ ಕಾಲ ಹಾನಿ ಮಾಡುತ್ತದೆ ಎಂಬುದು ಅವರ ವಾದ. 2024ರಲ್ಲಿ ಆ ಹಾಡಿನ ಹೊಸ ಮಿಶ್ರಣ ಬಂದಾಗ 2014ರಲ್ಲಿ ಅದಕ್ಕೆ ದನಿಗೂಡಿಸಿದ್ದ ಅದೇ ಶೀರನ್, ತಮ್ಮನ್ನು ಕೇಳಿದ್ದರೆ ದನಿ ಬಳಸಲು ಒಪ್ಪುತ್ತಿರಲಿಲ್ಲ ಎಂದರು. ಹಾಡಿನೊಳಗಿನ ‘ಅವರು’ ಹಾಡನ್ನು ಕೇಳಿಸಿಕೊಂಡಿದ್ದರು, ನಲವತ್ತು ವರ್ಷ.

ನಮ್ಮ 41 ರೂಪಾಯಿಗೆ ಬರುತ್ತೇನೆ. ಆ ಸಂಜೆ ನಾವು ಹಾಡಿದ್ದು ಬಿಜಾಪುರ ಜಿಲ್ಲೆಯ ಬರದ ಬಗ್ಗೆ. ಬಾವಿ ಬತ್ತಿದೆ, ಕೆರೆ ಬಿರಿದಿದೆ, ಹಕ್ಕಿ ಹಾಡುತ್ತಿಲ್ಲ ಎಂದೆಲ್ಲ ಹನ್ನೆರಡು ಸಾಲಿನಲ್ಲಿ ಅತ್ತಿದ್ದೆವು. ಆ ಹನ್ನೆರಡು ಜನರಲ್ಲಿ ಅರ್ಧದಷ್ಟು ಬಿಜಾಪುರ ನೋಡಿದವರಲ್ಲ. ಕಾರ್ಯಕ್ರಮ ಮುಗಿದ ಮೇಲೆ ಜಮಖಾನೆ ಸುತ್ತುತ್ತಿದ್ದಾಗ ಮೊದಲ ವರ್ಷದ ಒಬ್ಬ ಹುಡುಗ ಬಂದು ಡಬ್ಬಿಗೆ ಎರಡು ರೂಪಾಯಿ ಹಾಕಿದ. ಮೆಸ್ಸಿನಲ್ಲಿ ಮೂಲೆಯಲ್ಲಿ ಕೂತು ಉಣ್ಣುತ್ತಿದ್ದವನು, ಹೆಸರು ಕೇಳುವಷ್ಟು ಯಾರಿಗೂ ಪರಿಚಯವಿರಲಿಲ್ಲ. ಎಲ್ಲಿಗೆ ಕಳಿಸ್ತೀರಿ ರೊಕ್ಕಾ ಎಂದು ಕೇಳಿದ. ಒಂದು ತಾಲ್ಲೂಕಿನ ಹೆಸರು ಹೇಳಿದೆ. ಅವನು ಸ್ವಲ್ಪ ಹೊತ್ತು ಡಬ್ಬಿಯನ್ನೇ ನೋಡಿದ.

“ನಮ್ಮೂರ ಕಡೇನ ಅದು,” ಅಂದ. “ಬಾವ್ಯಾಗ ನೀರ್ ಅದಾವ್ರೀ ಅಣ್ಣಾರ. ಎತ್ತಾಕ ಕರೆಂಟ್ ಇಲ್ಲ.”

ನಾನು ಏನು ಹೇಳಬೇಕೆಂದು ತೋಚದೆ ಮೈಕಿನ ವೈರು ಸುತ್ತತೊಡಗಿದೆ. ಅವನೂ ಜಮಖಾನೆಯ ಇನ್ನೊಂದು ಅಂಚು ಹಿಡಿದ. ಇಬ್ಬರೂ ಸೇರಿ ಮಡಿಚಿ ಟಾಂಗಾಕ್ಕೆ ಹಾಕುವಾಗ ಮತ್ತೆ ಹೇಳಿದ:

“ಮೊದಲ ಹೇಳಿದ್ರ ನಾನೂ ಒಂದ್ ಸಾಲ್ ಹಾಡ್ತಿದ್ನಲ್ರೀ.”